ದಬ್ಬೆ, ಕೊಟ್ಟೆ ಮತ್ತು ಒಂದು ಎಡಿಟರ್

2020ರ ಆಗಸ್ಟ್ 16, ಭಾನುವಾರ. ಆ ತಿಂಗಳು ಭಾನುವಾರ ಬಂತೆಂದರೆ ತಮಿಳುನಾಡಿನಾದ್ಯಂತ ಸಂಪೂರ್ಣ ಲಾಕ್‌ಡೌನ್. ವೇಳಚೇರಿಯ ನಮ್ಮ ಬೀದಿಯಲ್ಲಿ ಬೆಳಗಿನ ಹಾಲಿನವನ ಗಾಡಿ ಹೋದ ಮೇಲೆ ಮತ್ತೆ ಸದ್ದಿಲ್ಲ. ಫ್ಯಾನ್ ಬಿಸಿ ಗಾಳಿಯನ್ನೇ ತಿರುಗಿಸಿ ತಿರುಗಿಸಿ ಕೊಡುತ್ತಿತ್ತು. ನಾನು ಊಟದ ಮೇಜಿನ ಮೇಲೆ ಹಳೆಯ ಲ್ಯಾಪ್‌ಟಾಪ್ ಇಟ್ಟುಕೊಂಡು ಒಂದು ಎಡಿಟರ್ ಕಟ್ಟುತ್ತಿದ್ದೆ.

ಸಾಫ್ಟ್‌ವೇರ್ ಮಂದಿ ಇದನ್ನು ‘ಸೋರ್ಸ್‌ನಿಂದ ಬಿಲ್ಡ್ ಮಾಡುವುದು’ ಅನ್ನುತ್ತೇವೆ. ಸಿದ್ಧವಾಗಿರುವ ಪ್ರೋಗ್ರಾಮನ್ನು ಇಳಿಸಿಕೊಳ್ಳುವ ಬದಲು ಅದರ ಮೂಲ ಬರಹವನ್ನೇ ತಂದು, ನಮ್ಮ ಯಂತ್ರದಲ್ಲೇ ಕಂಪೈಲ್ ಮಾಡಿಕೊಳ್ಳುವುದು. ಅಂಗಡಿಯ ದೋಸೆಹಿಟ್ಟು ತರುವುದಕ್ಕೂ ಮನೆಯಲ್ಲಿ ಅಕ್ಕಿ ನೆನೆಹಾಕಿ ರುಬ್ಬುವುದಕ್ಕೂ ಇರುವಷ್ಟು ವ್ಯತ್ಯಾಸ. ಬಹಳ ಸಲ ಅದರ ಅಗತ್ಯ ಇರುವುದಿಲ್ಲ. ನನಗೂ ಅಂದು ಇರಲಿಲ್ಲ ಅಂತಲೇ ಇಟ್ಟುಕೊಳ್ಳಿ. ಆರು ದಿನ ಮೊದಲು, ಆಗಸ್ಟ್ 10ರಂದು, ಈಮ್ಯಾಕ್ಸ್ 27.1 ಬಿಡುಗಡೆಯಾಗಿತ್ತು. ರಿಚಿ ಸ್ಟ್ರೀಟಿನಲ್ಲಿ ಸೆಕೆಂಡ್‌ಹ್ಯಾಂಡ್ ತಂದ ನನ್ನ ಲ್ಯಾಪ್‌ಟಾಪಿನಲ್ಲಿ ಹಳೆಯ ಲಿನಕ್ಸ್ ಇತ್ತು, ಅದರ ಭಂಡಾರದಲ್ಲಿ ಹಳೆಯ ಈಮ್ಯಾಕ್ಸೇ ಸಿಗುತ್ತಿದ್ದುದು. ಹೊಸದು ಬೇಕೆನ್ನಿಸಿತು. ಹಳೆಯದನ್ನು ಕಿತ್ತುಹಾಕಿ ಹೊಸದರ ಸೋರ್ಸ್ ಇಳಿಸಿದೆ.

ಆದರೆ ಆ ಎಡಿಟರಿನಲ್ಲಿ ಮಾಡಬೇಕಿದ್ದ ಕೆಲಸ ಮಾತ್ರ ಆಟದ್ದಲ್ಲ.

ನಮ್ಮೂರು ಸಾಗರದ ಹತ್ತಿರ. ಅಪ್ಪ ಪ್ರಾಥಮಿಕ ಶಾಲೆಯ ಮೇಷ್ಟರಾಗಿ ನಿವೃತ್ತರಾದವರು. ನಿವೃತ್ತಿಯ ಮೇಲೆ ಒಂದು ಇನ್ನೂರು ಪುಟದ ನೋಟುಬುಕ್ಕಿನಲ್ಲಿ ಅಡಿಕೆ ತೋಟದ ಮಾತುಗಳನ್ನು ಬರೆಯುತ್ತ ಬಂದಿದ್ದರು. ಕಾದಿಗೆ ಎಂದರೆ ಮರದ ಸಾಲುಗಳ ನಡುವಿನ ಬಸಿಗಾಲುವೆ. ದಬ್ಬೆ ಎಂದರೆ ಅಡಿಕೆ ಮರವನ್ನು ಸೀಳಿ ತೆಗೆದ ಪಟ್ಟಿ. ಕೊಟ್ಟೆ ಎಂದರೆ ಮಳೆಗಾಲದಲ್ಲಿ ಕೊಳೆರೋಗ ತಗಲದಂತೆ ಅಡಿಕೆ ಕೊನೆಗೆ ಕಟ್ಟುವ ಮುಚ್ಚಿಗೆ. ಚೊಗರು, ಸೋಗೆ, ಹಾಳೆ, ದೋಟಿ, ಮೆಟ್ಟುಗತ್ತಿ. ಸುಲಿಯುವ ಯಂತ್ರ ಬಂದ ಮೇಲೆ ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕೂತು ರಾತ್ರಿಯಿಡೀ ಅಡಿಕೆ ಸುಲಿಯುತ್ತಿದ್ದವರೂ ಇಲ್ಲ, ಅವರು ಸುಲಿಯುತ್ತ ಹೇಳುತ್ತಿದ್ದ ಕತೆಗಳೂ ಇಲ್ಲ. ಕೊನೆಗೌಡ ಸಿಗುವುದೇ ಕಷ್ಟವಾಗಿರುವಾಗ ಅವನು ಮರದ ಮೇಲಿಂದ ಕೂಗುತ್ತಿದ್ದ ಮಾತು ಯಾರಿಗೆ ನೆನಪಿರುತ್ತದೆ ಎಂದು ಅಪ್ಪ ಬರೆಯಲು ಶುರು ಮಾಡಿದ್ದು.

ಆ ವರ್ಷ ಅವರ ಕೈ ನಡುಗಲು ಶುರುವಾಗಿತ್ತು. ನೋಟುಬುಕ್ಕಿನ ಮೊದಲ ಪುಟಗಳಲ್ಲಿ ಮುದ್ರಿಸಿದಂತಿದ್ದ ಅಕ್ಷರ, ಕೊನೆಯ ಪುಟಗಳಿಗೆ ಬರುವಷ್ಟರಲ್ಲಿ ಕೆಸರಲ್ಲಿ ಕಾಲಿಟ್ಟವರ ಹೆಜ್ಜೆಯಂತೆ ಜಾರುತ್ತಿತ್ತು. ಮನೆಗೆ ಹೋಗಿ ಜೊತೆಗೆ ಕೂತು ಮುಗಿಸೋಣವೆಂದರೆ ಇ-ಪಾಸ್ ಇಲ್ಲದೆ ರಾಜ್ಯದ ಗಡಿ ದಾಟುವಂತಿರಲಿಲ್ಲ. ಹಾಗಾಗಿ ಪಕ್ಕದ ಮನೆಯ ಹುಡುಗ ಪುಟಗಳ ಫೋಟೋ ತೆಗೆದು ವಾಟ್ಸ್ಯಾಪಿನಲ್ಲಿ ಕಳಿಸುತ್ತಿದ್ದ. ಓದಲಾಗದ್ದನ್ನು ಸಂಜೆ ಅಪ್ಪ ಫೋನಿನಲ್ಲಿ ಹೇಳುತ್ತಿದ್ದರು. ನಾನು ಟೈಪು ಮಾಡುತ್ತಿದ್ದೆ.

“ಎಂತ ಮಾಡ್ತಿದೀಯ ಮಾರಾಯ?” ಎಂದು ಆ ಭಾನುವಾರವೂ ಫೋನ್ ಬಂತು.

“ಎಡಿಟರ್ ಕಟ್ತಿದೀನಿ ಅಪ್ಪ.”

“ಮನೆ ಕಟ್ಟೋದು ಕೇಳಿದೀನಿ, ಕೊಟ್ಟೆ ಕಟ್ಟೋದು ಕೇಳಿದೀನಿ. ಇದೆಂತ ಕಟ್ಟೋದು?”

ಕಟ್ಟುವ ಕೆಲಸದ ಮೊದಲ ಹೆಜ್ಜೆಗೆ ‘ಕಾನ್ಫಿಗರ್’ ಎಂದು ಹೆಸರು. ಆ ಆಜ್ಞೆ ಕೊಟ್ಟರೆ ಅದು ನಿಮ್ಮ ಯಂತ್ರವನ್ನು ಮೂಲೆಮೂಲೆ ತಡಕಿ, ಇದೆಯೋ ಇಲ್ಲವೋ ಎಂದು ಒಂದೊಂದನ್ನೇ ಕೇಳುತ್ತ ಹೋಗುತ್ತದೆ. ಕಂಪೈಲರ್ ಇದೆಯೇ? ಇದೆ. ಅಕ್ಷರ ಬಿಡಿಸುವ ಫ್ರೀಟೈಪ್ ಇದೆಯೇ? ಇದೆ. ಪರದೆಯ ಮೇಲೆ ನೂರಾರು ಸಾಲು ಓಡುತ್ತದೆ, ಯಾರೂ ಓದುವುದಿಲ್ಲ. ಮದುವೆಯ ದಿಬ್ಬಣ ಹೊರಡುವ ಮುನ್ನ ಮನೆಯ ಹಿರಿಯರೊಬ್ಬರು ಪಟ್ಟಿ ಹಿಡಿದು ‘ಕಳಶ ಆಯ್ತಾ, ವೀಳ್ಯ ಆಯ್ತಾ’ ಎಂದು ಕೇಳುತ್ತಾರಲ್ಲ, ಹಾಗೆ. ಕೇಳುವವರಿಗೆ ಮಾತ್ರ ಗಂಭೀರ.

ನನ್ನದು ಅರ್ಧದಲ್ಲಿ ನಿಂತಿತು. ಜಿಫ್ ಚಿತ್ರ ತೋರಿಸುವ ಲೈಬ್ರರಿ ಇಲ್ಲ, ಟಿಫ್ ಚಿತ್ರದ್ದು ಇಲ್ಲ, ಸುರಕ್ಷಿತ ಸಂಪರ್ಕಕ್ಕೆ ಬೇಕಾದ ಜಿಎನ್‌ಯು-ಟಿಎಲ್‌ಎಸ್ ಇಲ್ಲ, ಬೇಡವೆಂದಾದರೆ ಬೇಡ ಎಂದು ಸ್ಪಷ್ಟವಾಗಿ ಹೇಳು, ಅಲ್ಲಿಯವರೆಗೆ ಮುಂದೆ ಹೋಗುವುದಿಲ್ಲ ಎಂದಿತು. ಒಂದೊಂದಾಗಿ ಹಾಕಿಕೊಟ್ಟೆ. ಮತ್ತೆ ಕಾನ್ಫಿಗರ್. ಈ ಸಲ ಕೊನೆಯವರೆಗೂ ಓಡಿ, ಒಂದು ಉದ್ದ ಸಾರಾಂಶ ಕೊಟ್ಟು ಸುಮ್ಮನಾಯಿತು. ಸಾರಾಂಶ ಓದಲಿಲ್ಲ. ಓದಬೇಕಿತ್ತು. ‘ಮೇಕ್’ ಎಂದು ಹೊಡೆದು ಕಾಫಿಗೆ ಎದ್ದೆ.

ಈಮ್ಯಾಕ್ಸ್ ಹುಟ್ಟುವ ಬಗೆ ನೋಡಲು ಚೆನ್ನಾಗಿರುತ್ತದೆ. ಮೊದಲು ಸಿ ಭಾಷೆಯ ಭಾಗ ಕಂಪೈಲ್ ಆಗಿ ‘ಟೆಮ್ಯಾಕ್ಸ್’ ಎಂಬ ಬರಿಮೈಯ ಎಡಿಟರ್ ಹುಟ್ಟುತ್ತದೆ. ಅದು ಲಿಸ್ಪ್ ಭಾಷೆಯಲ್ಲಿ ಬರೆದ ಉಳಿದ ವಿದ್ಯೆಗಳನ್ನೆಲ್ಲ ಒಂದೊಂದಾಗಿ ಓದಿಕೊಂಡು, ಆ ಕಲಿತ ಸ್ಥಿತಿಯನ್ನು ಒಂದು ಕಡತದಲ್ಲಿ ಉಳಿಸಿಕೊಂಡು, ಈಮ್ಯಾಕ್ಸ್ ಆಗುತ್ತದೆ. ನನ್ನ ಲ್ಯಾಪ್‌ಟಾಪ್ ಈ ಬಾಲಪಾಠ ಮುಗಿಸುವಷ್ಟರಲ್ಲಿ ಕಾದ ಕಾವಲಿಯಾಗಿತ್ತು. ‘ಮೇಕ್ ಇನ್‌ಸ್ಟಾಲ್’ ಕೊಟ್ಟು ನನ್ನ ಹೋಮ್ ಡೈರೆಕ್ಟರಿಯೊಳಗೇ ಒಂದು ಫೋಲ್ಡರಿಗೆ ಹಾಕಿಕೊಂಡೆ. ಹೀಗೆ ಹಾಕಿಕೊಂಡರೆ ಯಂತ್ರದ ಉಳಿದ ಭಾಗಕ್ಕೆ ತೊಂದರೆಯಿಲ್ಲ, ಬೇಡವಾದಾಗ ಆ ಫೋಲ್ಡರ್ ಅಳಿಸಿದರೆ ಮುಗಿಯಿತು. ತೆರೆದೆ. ಅಪ್ಪನ ಕಡತ ತೆಗೆದೆ.

ದಬ್‌ಬೆ. ಕೊಟ್‌ಟೆ. ಮೆಟ್‌ಟುಗತ್‌ತಿ.

ಒತ್ತಕ್ಷರಗಳೆಲ್ಲ ಕೆಳಗಿಂದ ಎದ್ದುಬಂದು ಪಕ್ಕದಲ್ಲಿ ನಿಂತಿದ್ದವು. ಸ್ವರಚಿಹ್ನೆಗಳು ತಲೆಕಟ್ಟಿನ ಮೇಲೆ ಅಡ್ಡಾದಿಡ್ಡಿ ಬಿದ್ದಿದ್ದವು. ಈಮ್ಯಾಕ್ಸಿನೊಳಗೆ ‘ಹಲೋ’ ಎಂಬ ಒಂದು ಕಡತವಿದೆ, ಹತ್ತಾರು ಭಾಷೆಗಳಲ್ಲಿ ನಮಸ್ಕಾರ ಹೇಳುವ ಪುಟ. ಅಕ್ಷರಗಳು ಸರಿಯಾಗಿ ಮೂಡುತ್ತಿವೆಯೇ ಎಂದು ನೋಡಲು ಅದಕ್ಕಿಂತ ಒಳ್ಳೆಯದಿಲ್ಲ. ಅದನ್ನು ತೆಗೆದರೆ ನಮ್ಮ ‘ನಮಸ್ಕಾರ’ದ ಸ ಒಂದು ಕಡೆ, ಅದರ ಪಕ್ಕ ಕೊಂಡಿಯಂಥ ಹಲಂತ, ಆಚೆಗೆ ಕ. ಸ್ವಲ್ಪ ಕೆಳಗೆ ತಮಿಳಿನ ‘ವಣಕ್ಕಂ’ ಮಾತ್ರ ಹೆಚ್ಚುಕಡಿಮೆ ಸರಿಯಾಗಿಯೇ ಕೂತಿತ್ತು.

ಚೆನ್ನೈನಲ್ಲಿ ಕೂತು ಇದನ್ನು ನೋಡಿದಾಗ ಮೊದಲು ಬಂದದ್ದು ನಗು, ಆಮೇಲೆ ಸಣ್ಣ ಸಿಟ್ಟು. ಆದರೆ ಅದು ಪಕ್ಷಪಾತವೇನಲ್ಲ, ಲಿಪಿಯ ಗುಣ. ತಮಿಳಿನಲ್ಲಿ ವ್ಯಂಜನದ ಮೇಲೆ ಪುಳ್ಳಿ ಎಂಬ ಚುಕ್ಕೆ ಇಟ್ಟು ಮುಂದಿನ ಅಕ್ಷರವನ್ನು ಪಕ್ಕದಲ್ಲೇ ಬರೆಯುತ್ತಾರೆ. ನಾವು ಎರಡನೆಯದನ್ನು ಕಿರಿದು ಮಾಡಿ ಮೊದಲನೆಯದರ ಕೆಳಗೆ ಕೂರಿಸುತ್ತೇವೆ. ಹಾಗಂತ ತಮಿಳು ಪೂರ್ತಿ ಪಾರಾಗಿರಲಿಲ್ಲ. ಎಡಕ್ಕೆ ಬರಬೇಕಾದ ಅವರ ಎಕಾರದ ಚಿಹ್ನೆ ಬಲಕ್ಕೆ ಬಿದ್ದು ಅಲ್ಲಿಯೂ ಗೊಂದಲವಿತ್ತು. ‘ವಣಕ್ಕಂ’ನಲ್ಲಿ ಆ ಚಿಹ್ನೆ ಇಲ್ಲದ್ದರಿಂದ ಬಚಾವಾಗಿತ್ತು, ಅಷ್ಟೆ.

ಇಷ್ಟರಲ್ಲಿ ಮಗಳು ಬಂದು ಹೆಗಲ ಮೇಲಿಂದ ಬಗ್ಗಿದಳು. ಆಗ ಅವಳಿಗೆ ಎಂಟು ವರ್ಷ. ಶಾಲೆಯಲ್ಲಿ ಇಂಗ್ಲಿಷು, ತಮಿಳು. ಮನೆಯಲ್ಲಿ ಕನ್ನಡ ಮಾತು. ಹಿಂದಿನ ಒಂದು ಬೇಸಿಗೆಯಲ್ಲಿ ಅಜ್ಜ ಅಂಕಲಿಪಿ ಹಿಡಿದು ಅಕ್ಷರಮಾಲೆ, ಕಾಗುಣಿತ ಕಲಿಸಿದ್ದರು. ಒತ್ತಕ್ಷರದ ಪುಟಕ್ಕೆ ಬರುವಷ್ಟರಲ್ಲಿ ರಜೆ ಮುಗಿದಿತ್ತು. ಆಮೇಲೆ ನಾವು ಚೆನ್ನೈಗೆ ವಾಪಸು ಬಂದು ಎರಡು ವರ್ಷ ಆ ಪುಸ್ತಕ ಕಪಾಟಿನಿಂದ ಇಳಿದಿರಲಿಲ್ಲ. ಕಲಿಸದವನು ನಾನೇ. ದಿನಕ್ಕೆ ಹತ್ತು ತಾಸು ಪರದೆ ನೋಡಿದ ಮೇಲೆ ಒತ್ತಕ್ಷರ ಹೇಳಿಕೊಡುವ ತಾಳ್ಮೆ ನನ್ನಲ್ಲಿ ಉಳಿಯುತ್ತಿರಲಿಲ್ಲ.

“ಅಪ್ಪಾ, ಇದು ತಮಿಳಿನ ಥರಾನೇ ಇದೆ!” ಎಂದಳು. “ಪುಳ್ಳಿ ಪಕ್ಕದಲ್ಲಿ ಇದೆ ಅಷ್ಟೆ. ದಬ್... ಬೆ. ದಬ್ಬೆ! ಕೊಟ್... ಟೆ. ಕೊಟ್ಟೆ!”

ಹಾಗೇ ಓದುತ್ತ ಕೆಳಗಿಳಿದಳು. ಮೆಟ್ಟುಗತ್ತಿಯಲ್ಲಿ ಒಂದು ಸಲ ಎಡವಿದಳು, ಮತ್ತೆ ಹಿಂದಕ್ಕೆ ಹೋಗಿ ಸರಿಪಡಿಸಿಕೊಂಡಳು. ನಾನು ಮೌಸ್ ಬಿಟ್ಟು ಸುಮ್ಮನೆ ಕೂತೆ. ಅವಳು ಯಾರ ಸಹಾಯವೂ ಇಲ್ಲದೆ ಓದಿದ ಮೊದಲ ಕನ್ನಡ ಅದು. ಮುರಿದುಬಿದ್ದ ಕನ್ನಡ. ಮುರಿದದ್ದರಿಂದಲೇ ಓದಲು ಬಂದ ಕನ್ನಡ.

ಸಂಜೆ ಫೋನಿನಲ್ಲಿ ಅಜ್ಜನಿಗೆ ಒಂದು ಪುಟ ಓದಿ ಹೇಳಿದಳು. ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ. ಆಮೇಲೆ ಅಪ್ಪ ಕೇಳಿದರು: “ಒತ್ತಕ್ಷರ ಯಾರು ಹೇಳ್ಕೊಟ್ರೇ?”

“ಯಾರೂ ಇಲ್ಲ ಅಜ್ಜ. ಇದರಲ್ಲಿ ಒತ್ತಕ್ಷರಾನೇ ಇಲ್ಲ.”

ಅಪ್ಪನಿಗೆ ಇದು ಅರ್ಥವಾಗಲಿಲ್ಲ. ಅರ್ಥವಾಗಿದ್ದರೆ ಅವರೊಳಗಿನ ಮೇಷ್ಟರು ನನ್ನನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು.

ರಾತ್ರಿ ಮಗಳು ಮಲಗಿದ ಮೇಲೆ ತಪ್ಪು ಹುಡುಕಲು ಕೂತೆ. ಕಾನ್ಫಿಗರ್ ಕೊಟ್ಟಿದ್ದ ಸಾರಾಂಶವನ್ನು ಮೊದಲ ಸಲ ಓದಿದೆ. ನಡುವೆ ಒಂದು ಸಾಲು: ಈಮ್ಯಾಕ್ಸ್ ಹಾರ್ಫ್‌ಬಝ್ ಬಳಸುತ್ತದೆಯೇ? ಇಲ್ಲ.

ಹಾರ್ಫ್‌ಬಝ್ ಬಗ್ಗೆ ಎರಡು ಮಾತು. ಕಂಪ್ಯೂಟರಿನಲ್ಲಿ ನಾವು ‘ಸ್ತ್ರೀ’ ಎಂದು ಬರೆದರೆ ಒಳಗೆ ಒಂದೇ ಅಕ್ಷರ ಇರುವುದಿಲ್ಲ. ಸ, ಹಲಂತ, ತ, ಹಲಂತ, ರ, ಈಕಾರದ ಚಿಹ್ನೆ, ಹೀಗೆ ಆರು ಸಂಕೇತಗಳು ಸಾಲಾಗಿ ಇರುತ್ತವೆ. ಯಾವುದು ಯಾವುದರ ಕೆಳಗೆ ಹೋಗಬೇಕು, ಯಾವುದು ರೂಪ ಬದಲಿಸಬೇಕು, ‘ಸೂರ್ಯ’ದಲ್ಲಿ ಮೊದಲು ಬಂದ ರಕಾರ ಹೇಗೆ ಅರ್ಕಾವತ್ತಾಗಿ ಯಕಾರದ ಆಚೆಗೆ ಕೂರಬೇಕು ಎಂದು ಫಾಂಟಿನ ನಿಯಮ ನೋಡಿ ಜೋಡಿಸುವ ಕೆಲಸ ಹಾರ್ಫ್‌ಬಝ್‌ನದು. ಇರಾನಿನಲ್ಲಿ ಹುಟ್ಟಿದ ಬೆಹ್ದಾದ್ ಎಸ್ಫಾಬೋದ್ ಅದರ ಮುಖ್ಯ ಕರ್ತೃ. ಪರ್ಷಿಯನ್ ಭಾಷೆಯಲ್ಲಿ ಹರ್ಫ್ ಎಂದರೆ ಅಕ್ಷರ, ಬಾಜ್ ಎಂದರೆ ತೆರೆದದ್ದು, ‘ಓಪನ್‌ಟೈಪ್’ ಎಂಬ ಮಾತಿನ ಅನುವಾದವೇ ಆ ಹೆಸರು. ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆಆಫೀಸ್ ಎಲ್ಲವೂ ಅದನ್ನೇ ನೆಚ್ಚಿವೆ. ನೀವು ಈ ಬರಹವನ್ನು ಓದುತ್ತಿರುವಾಗ ಒತ್ತಕ್ಷರಗಳನ್ನು ಕೆಳಗೆ ಕೂರಿಸಿರುವುದೂ ಬಹುಶಃ ಅದೇ. ಈಮ್ಯಾಕ್ಸ್ ಅದನ್ನು ಸೇರಿಸಿಕೊಂಡದ್ದು ಇದೇ 27.1ರಲ್ಲಿ.

ನನ್ನ ಲ್ಯಾಪ್‌ಟಾಪಿನಲ್ಲಿ ಹಾರ್ಫ್‌ಬಝ್ ಇರಲಿಲ್ಲವೇ? ಇತ್ತು. ಬ್ರೌಸರಿನಲ್ಲಿ ಕನ್ನಡ ಲಕ್ಷಣವಾಗಿ ಕಾಣುತ್ತಿತ್ತು. ಬೇರೆ ಪ್ರೋಗ್ರಾಮುಗಳು ದಿನವೂ ಆ ಲೈಬ್ರರಿಯನ್ನು ಬಳಸುತ್ತಲೇ ಇದ್ದವು. ಇಲ್ಲದಿದ್ದುದು ಅದರ ‘ಡೆವ್’ ಪ್ಯಾಕೇಜು. ಲಿನಕ್ಸಿನಲ್ಲಿ ಒಂದು ಲೈಬ್ರರಿಗೆ ಸಾಮಾನ್ಯವಾಗಿ ಎರಡು ಭಾಗ. ಒಂದು, ಚಲಾಯಿಸಲು ಬೇಕಾದದ್ದು. ಇನ್ನೊಂದು, ಅದನ್ನು ಬಳಸಿ ಹೊಸದೇನಾದರೂ ಕಟ್ಟಲು ಬೇಕಾದ ಹೆಡರ್ ಕಡತಗಳು. ಬರೀ ಬಳಸುವವರಿಗೆ ಎರಡನೆಯದು ಬೇಡ, ಹಾಗಾಗಿ ಅದು ತಾನಾಗಿ ಬರುವುದಿಲ್ಲ. ಕೇಳಿ ಹಾಕಿಸಿಕೊಳ್ಳಬೇಕು.

ರಾತ್ರಿ ಹನ್ನೊಂದು ಗಂಟೆಗೆ ಆ ಸಾಲು ನೋಡುತ್ತ ಕೂತಾಗ ಮನಸ್ಸು ಎಲ್ಲಿಗೆ ಹೋಯಿತೆಂದು ಬೇರೆ ಹೇಳಬೇಕಿಲ್ಲ. ಒಳಗಿನ ಕೋಣೆಯಲ್ಲಿ ಮಲಗಿದ್ದ ಮಗಳ ಕನ್ನಡವೂ ಅದೇ ಥರದ್ದು. ಚಲಾವಣೆಗೆ ಏನೂ ಕೊರತೆಯಿಲ್ಲ. ಜಗಳ, ಹಟ, ಅಜ್ಜನ ಜೊತೆ ಹರಟೆ, ಎಲ್ಲ ಕನ್ನಡದಲ್ಲೇ. ಪರವೂರಿನಲ್ಲಿದ್ದರೂ ಮಗು ಕನ್ನಡ ಮಾತಾಡುತ್ತದೆ ಎಂದು ನಾನು ನೆಂಟರ ಮುಂದೆ ಹೆಮ್ಮೆಯಿಂದ ಹೇಳಿಕೊಂಡದ್ದೂ ಇದೆ. ಆದರೆ ಅವಳು ಆ ಭಾಷೆಯಲ್ಲಿ ತನ್ನದೆಂದು ಒಂದು ಸಾಲು ಕಟ್ಟಲು ಬೇಕಾದದ್ದನ್ನು ನಾನು ಕೊಟ್ಟಿರಲಿಲ್ಲ. ಕೊಟ್ಟಿಲ್ಲ ಎಂಬುದು ನನಗೆ ಗೊತ್ತಾಗಿಯೂ ಇರಲಿಲ್ಲ, ಏಕೆಂದರೆ ಯಾವುದೂ ನಿಂತುಹೋಗಿರಲಿಲ್ಲ.

ನನ್ನನ್ನು ಚುಚ್ಚಿದ್ದು ಇದೇ. ಜಿಫ್ ಚಿತ್ರ ತೋರಿಸಲಾಗದು ಎಂದಾಗ ಕಾನ್ಫಿಗರ್ ನಿಂತು ಕೂಗಿತ್ತು. ಒತ್ತಕ್ಷರ ಜೋಡಿಸಲಾಗದು ಎಂಬುದಕ್ಕೆ ಒಂದು ಸಣ್ಣ ‘ಇಲ್ಲ’ ಬರೆದು ಮುಂದೆ ಹೋಗಿತ್ತು. ಬರೆದವರನ್ನು ದೂರುವಂತಿಲ್ಲ. ಬರೀ ಇಂಗ್ಲಿಷಿನಲ್ಲಿ ಬರೆಯುವವರಿಗೆ ಹಾರ್ಫ್‌ಬಝ್ ಇಲ್ಲದೆಯೂ ನಡೆಯುತ್ತದೆ, ಅವರನ್ನೇಕೆ ತಡೆಯಬೇಕು? ಅಲ್ಲದೆ ಈ ಎಡಿಟರಿನೊಳಗೆ ಲೋಕದ ಲಿಪಿಗಳಿಗೆ ಜಾಗ ಮಾಡಿಕೊಟ್ಟವರೂ ಕಡಿಮೆಯವರಲ್ಲ. ಜಪಾನಿನ ಕೆನಿಚಿ ಹಂದಾ ಮತ್ತು ಸಂಗಡಿಗರ ಬಹುಭಾಷಾ ಕೆಲಸ 1997ರಲ್ಲಿ ಈಮ್ಯಾಕ್ಸ್ 20ರೊಳಗೆ ಸೇರಿತು. ಭಾರತೀಯ ಲಿಪಿಗಳ ಕಡತಗಳಲ್ಲಿ ಕವಾಬಾತಾ ತೈಚಿ ಎಂಬ ಇನ್ನೊಬ್ಬ ಜಪಾನಿಯ ಹೆಸರಿದೆ. ಅಷ್ಟು ದೂರದವರು ನಮ್ಮ ಅಕ್ಷರಕ್ಕಾಗಿ ತಲೆ ಕೆಡಿಸಿಕೊಂಡಿದ್ದಾರೆ. ನನ್ನ ಯಂತ್ರದಲ್ಲಿ ಅದು ಬೇಕೆಂದು ಹೇಳಬೇಕಾದವನು ನಾನು. ನಾನು ಕಾಫಿಗೆ ಎದ್ದು ಹೋಗಿದ್ದೆ.

ಡೆವ್ ಪ್ಯಾಕೇಜು ಹಾಕಿದೆ. ‘ಮೇಕ್ ಡಿಸ್ಟ್‌ಕ್ಲೀನ್’ ಕೊಟ್ಟು ಹಳೆಯ ತುಣುಕುಗಳನ್ನು ಒರೆಸಿದೆ, ಇಲ್ಲವಾದರೆ ಹಳೆಯ ‘ಇಲ್ಲ’ಗಳು ಅಲ್ಲಿಲ್ಲಿ ಉಳಿದುಬಿಡುತ್ತವೆ. ಮತ್ತೆ ಕಾನ್ಫಿಗರ್. ಈ ಸಲ ಸಾರಾಂಶವನ್ನು ಬೆರಳಿಟ್ಟು ಓದಿದೆ. ಹಾರ್ಫ್‌ಬಝ್? ಇದೆ. ಮೇಕ್ ಮುಗಿಯುವಾಗ ಒಂದು ಗಂಟೆ ಹೊಡೆದಿತ್ತು. ತೆರೆದು ನೋಡಿದರೆ ದಬ್ಬೆ ದಬ್ಬೆಯಾಗಿತ್ತು, ನಮಸ್ಕಾರ ನಮಸ್ಕಾರವಾಗಿತ್ತು.

ಬೆಳಗ್ಗೆ ಮಗಳು ಬಂದು ನೋಡಿ ಮುಖ ಸಪ್ಪೆ ಮಾಡಿದಳು. “ನಿನ್ನೇದೇ ಚೆನ್ನಾಗಿತ್ತು. ಇದನ್ನ ಯಾಕೆ ಹಾಳು ಮಾಡಿದೆ?”

ಏನು ಹೇಳಲಿ? ಸರಿಯಾಗಿರುವುದು ಇದೇ ಕಣೇ ಎಂದೆ. ನಿನ್ನೆ ಸರಾಗವಾಗಿ ಓದಿದ ಪದದ ಮುಂದೆ ಇವತ್ತು ತಡವರಿಸುತ್ತಿದ್ದ ಮಗುವಿಗೆ ಆ ಮಾತು ಯಾವ ಸಮಾಧಾನ ಕೊಡುತ್ತದೆ? ಪುಣ್ಯಕ್ಕೆ, ಹೊಸದನ್ನು ಬೇರೆ ಫೋಲ್ಡರಿಗೆ ಹಾಕಿದ್ದೆ. ಹಳೆಯದು ಹಾಗೇ ಇತ್ತು. ಎರಡನ್ನೂ ಅಕ್ಕಪಕ್ಕ ತೆರೆದು, ಒಂದೇ ಕಡತವನ್ನು ಎರಡರಲ್ಲೂ ತೋರಿಸಿದೆ. ಎಡಕ್ಕೆ ಕೊಟ್‌ಟೆ, ಬಲಕ್ಕೆ ಕೊಟ್ಟೆ.

“ಈ ಟ ಎಲ್ಲಿ ಹೋಯ್ತು?”

“ಹುಡುಕು.”

ಹುಡುಕಿದಳು. ಟಕಾರದ ಒತ್ತು ಟಕಾರದ ಹಾಗೆಯೇ ಇದೆ ಎಂದು ಕಂಡುಕೊಂಡಳು. ಬಕಾರದ್ದೂ ಹಾಗೆಯೇ, ಗುರುತು ಹಿಡಿಯಬಹುದು. ತಕಾರದ ಒತ್ತು ಮಾತ್ರ ಮೋಸ, ತಕಾರಕ್ಕೂ ಅದಕ್ಕೂ ಸಂಬಂಧವೇ ಇಲ್ಲ ಎಂದು ದೂರಿದಳು. ಮಕಾರ, ಯಕಾರ, ರಕಾರಗಳ ಒತ್ತನ್ನೂ ಅದೇ ‘ಮೋಸ’ದ ಪಟ್ಟಿಗೆ ಸೇರಿಸಿ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡಳು. ಅರ್ಕಾವತ್ತು ನೋಡಿದಾಗಂತೂ, ಮೊದಲು ಹೇಳುವುದನ್ನು ಆಮೇಲೆ ಬರೆಯುವುದು ಯಾವ ನ್ಯಾಯ ಎಂದು ಅಜ್ಜನಿಗೇ ಫೋನ್ ಮಾಡಿ ಕೇಳಿದಳು. ಅಪ್ಪ ಅರ್ಧ ಗಂಟೆ ಉತ್ತರ ಹೇಳಿದರು. ಎಷ್ಟೋ ತಿಂಗಳ ಮೇಲೆ ಅವರ ದನಿಯಲ್ಲಿ ಪಾಠದ ಏರಿಳಿತ ಕೇಳಿದೆ.

ಹೀಗೇ ಒಂದು ತಿಂಗಳು ನಡೆಯಿತು. ಸಂಜೆ ನಾನು ಒಂದು ಪುಟ ಟೈಪು ಮಾಡುವುದು, ಅವಳು ಬಲಗಡೆಯ ಎಡಿಟರಿನಲ್ಲಿ ಓದುವುದು, ಸಿಕ್ಕಿಕೊಂಡಾಗ ಎಡಗಡೆ ಇಣುಕುವುದು. ಆಮೇಲೆ ಒಂದು ದಿನ ನನಗೆ ಗೊತ್ತಾದ ಸಂಗತಿಯನ್ನೂ ಇಲ್ಲಿ ಒಪ್ಪಿಕೊಳ್ಳಬೇಕು. ಈ ಕೆಲಸಕ್ಕೆ ಎರಡು ಎಡಿಟರ್ ಬೇಕಿರಲೇ ಇಲ್ಲ. ಈಮ್ಯಾಕ್ಸಿನಲ್ಲಿ ‘ಆಟೋ ಕಾಂಪೊಸಿಷನ್ ಮೋಡ್’ ಎಂಬ ಒಂದು ಸ್ವಿಚ್ ಇದೆ. ಆರಿಸಿದರೆ ಒತ್ತಕ್ಷರಗಳು ಬಿಡಿಯಾಗುತ್ತವೆ, ಹಾಕಿದರೆ ಕೂಡಿಕೊಳ್ಳುತ್ತವೆ. ಗೊತ್ತಿರುವವರು ನಗಬಹುದು. ನಾನು ಆ ಸ್ವಿಚ್ಚಿನ ಸುದ್ದಿ ಮಗಳಿಗೆ ಹೇಳಲಿಲ್ಲ. ಅಷ್ಟರಲ್ಲಿ ಅವಳು ಎಡಗಡೆ ನೋಡುವುದೇ ಕಡಿಮೆಯಾಗಿತ್ತು.

ಓಡಾಟ ಸಲೀಸಾದ ಮೇಲೆ, ಆ ವರ್ಷದ ಕೊನೆಯಲ್ಲಿ ಊರಿಗೆ ಹೋದೆವು. ಅಡಿಕೆ ಕೊಯ್ಲಿನ ಕಾಲ. ಅಂಗಳದ ತುಂಬ ಬೇಯಿಸಿದ ಅಡಿಕೆ ಹರಡಿತ್ತು, ಚೊಗರಿನ ವಾಸನೆ ಮನೆಯೊಳಗೂ ಬರುತ್ತಿತ್ತು. ಟೈಪು ಮಾಡಿದ್ದನ್ನು ಮುದ್ರಿಸಿ, ಹೊಲಿಸಿ ತಂದಿದ್ದೆ. ಅಪ್ಪ ಕನ್ನಡಕ ಏರಿಸಿ ಪುಟ ತಿರುಗಿಸಿದರು. ಮೂರು ತಪ್ಪು ಹಿಡಿದರು. ಆಮೇಲೆ ಒಳಗೆ ಹೋಗಿ ನೋಟುಬುಕ್ಕು ತಂದು ಮೊಮ್ಮಗಳ ಮುಂದಿಟ್ಟರು. ಕೊನೆಯ ನಾಲ್ಕು ಪುಟ ಖಾಲಿ ಇದ್ದವು.

“ನನ್ನ ಕೈಲಿ ಇನ್ನು ಬರೆಯೋಕಾಗಲ್ಲ. ನಾನು ಹೇಳ್ತೀನಿ, ನೀ ಬರಿ.”

ಅವಳು ಅಂಗಳದ ಕಟ್ಟೆಯ ಮೇಲೆ ಕೂತು ಪೆನ್ಸಿಲಿನಲ್ಲಿ ಬರೆದಳು. ಅಪ್ಪನ ಕೊನೆಯ ಸಾಲುಗಳ ಒತ್ತಕ್ಷರಗಳು ನಡುಗಿ ನಡುಗಿ ತಮ್ಮ ಅಕ್ಷರದಿಂದ ದೂರ ಜಾರಿದ್ದವು. ಅದರ ಕೆಳಗೆ ಅವಳ ಮೊದಲ ಪದ ‘ಹೊಟ್ಟು’. ಟಕಾರದ ಒತ್ತು ಸಾಲು ಬಿಟ್ಟು ಬಹಳ ಕೆಳಗೆ ಬಿದ್ದಿತ್ತು. ಮೂವತ್ತು ವರ್ಷ ಮಕ್ಕಳ ಕಾಪಿ ತಿದ್ದಿದ ಅಪ್ಪ ಅದನ್ನು ನೋಡಿದರು. ತಿದ್ದಲಿಲ್ಲ. “ಹ್ಞೂಂ, ಮುಂದಿಂದು” ಎಂದರು.